ಹುದ್ದೆ ತುಂಬಿದರೆ ಸಾಲದು, ಓಟಿ ನಡೆಯಬೇಕು

ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸಿಸೇರಿಯನ್ ಆಗಬೇಕೆಂದರೆ ಯಾರ್ಯಾರು ಎದ್ದಿರಬೇಕು? ಹೊಟ್ಟೆ ತೆರೆಯುವ ಪ್ರಸೂತಿ ತಜ್ಞೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಆಪರೇಷನ್ ಮುಗಿಯುವ ತನಕ ತಾಯಿಯ ಉಸಿರು, ರಕ್ತದೊತ್ತಡ ಕಾಯುವ ಅರಿವಳಿಕೆ ತಜ್ಞ. ಹುಟ್ಟಿದ ಕೂಸು ಅಳದಿದ್ದರೆ ಕೈಗೆತ್ತಿಕೊಳ್ಳುವ ಮಕ್ಕಳ ವೈದ್ಯ. ಸಲಕರಣೆ ಎಣಿಸಿ ಕೊಟ್ಟು, ಎಣಿಸಿಯೇ ವಾಪಸು ಪಡೆಯುವ ಓಟಿ (ಆಪರೇಷನ್ ಥಿಯೇಟರ್) ನರ್ಸ್. ಬಟ್ಟೆ, ಕತ್ತರಿಗಳನ್ನು ಆಟೋಕ್ಲೇವ್ ಮಾಡಿ ಸಿದ್ಧವಾಗಿಟ್ಟ ಓಟಿ ಟೆಕ್ನಿಷಿಯನ್. ರಕ್ತದ ಗುಂಪು ಹೊಂದಿಸಿ ನೋಡುವ ಲ್ಯಾಬ್‌ನವರು. ಸ್ಟ್ರೆಚರ್ ತಳ್ಳುವ, ರಕ್ತ ಬಿದ್ದ ನೆಲ ತೊಳೆಯುವ ಡಿ ಗ್ರೂಪ್ ನೌಕರ. ಕರೆಂಟು ಹೋದರೆ ಜನರೇಟರ್ ಹಾಕುವವನು. ಇವರಲ್ಲಿ ಒಬ್ಬರು ಇಲ್ಲವೆಂದರೂ ಆ ರಾತ್ರಿ ಆಪರೇಷನ್ ಇಲ್ಲ. ಚೀಟಿ ಬರೆಯುತ್ತಾರೆ, 108 ಆಂಬುಲೆನ್ಸ್ ಬರುತ್ತದೆ, ನೋವು ತಿನ್ನುತ್ತಿರುವ ಹೆಂಗಸು ಜಿಲ್ಲಾಸ್ಪತ್ರೆಯ ದಾರಿ ಹಿಡಿಯುತ್ತಾಳೆ.

ಊರಿನ ಜನ ಇದನ್ನು ‘ಡಾಕ್ಟರಿಲ್ಲ’ ಎನ್ನುತ್ತಾರೆ. ಇಲಾಖೆ ‘ಹುದ್ದೆ ಖಾಲಿ’ ಎನ್ನುತ್ತದೆ. ಎರಡೂ ಅರ್ಧ ಸತ್ಯ. ಆಪರೇಷನ್ ಒಂದು ತಂಡದ ಕೆಲಸ. ಆದರೆ ನೇಮಕಾತಿಯಲ್ಲಾಗಲಿ ಬಜೆಟ್ಟಿನಲ್ಲಾಗಲಿ ತಂಡ ಎಂಬ ಲೆಕ್ಕವೇ ಇಲ್ಲ. ಕಟ್ಟಡಕ್ಕೆ ಒಂದು ಅನುದಾನ, ಯಂತ್ರಕ್ಕೆ ಇನ್ನೊಂದು ಟೆಂಡರು, ತಜ್ಞರಿಗೆ ಕೌನ್ಸೆಲಿಂಗ್, ನರ್ಸ್‌ಗೆ ಗುತ್ತಿಗೆ, ಡಿ ಗ್ರೂಪ್‌ಗೆ ಹೊರಗುತ್ತಿಗೆ. ಇವೆಲ್ಲ ಒಂದೇ ಊರಿನಲ್ಲಿ, ಒಂದೇ ರಾತ್ರಿ ಕೂಡಿಬರುವಂತೆ ನೋಡಿಕೊಳ್ಳುವ ಹೊಣೆ ಯಾರ ಮೇಲೂ ಬಿದ್ದಿಲ್ಲ. ಗ್ರಾಮೀಣ ಶಸ್ತ್ರಚಿಕಿತ್ಸೆಯ ಮೂಲ ರೋಗ ಇದು. ಇದನ್ನು ಬಿಟ್ಟು ಮಾಡುವ ಖರ್ಚು ಎಷ್ಟಿದ್ದರೂ ಬಡ ರೋಗಿಯನ್ನು ಮುಟ್ಟುವುದಿಲ್ಲ.

ಕೊರತೆ ಎಷ್ಟು ದೊಡ್ಡದು ಎಂಬುದಕ್ಕೆ ಸರ್ಕಾರದ ಅಂಕಿಅಂಶಗಳೇ ಸಾಕ್ಷಿ. ಕೇಂದ್ರ ಆರೋಗ್ಯ ಸಚಿವಾಲಯದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದ ಹಳ್ಳಿಗಾಡಿನಲ್ಲಿ 5,480 ಸಮುದಾಯ ಆರೋಗ್ಯ ಕೇಂದ್ರಗಳಿದ್ದವು. ಒಂದೊಂದಕ್ಕೆ ಸರ್ಜನ್, ಪ್ರಸೂತಿ ತಜ್ಞ, ಫಿಜಿಷಿಯನ್, ಮಕ್ಕಳ ತಜ್ಞ ಎಂದು ನಾಲ್ವರಂತೆ 21,920 ತಜ್ಞರು ಬೇಕಿತ್ತು. ಕೆಲಸದಲ್ಲಿದ್ದವರು 4,485 ಮಂದಿ. ಸರ್ಜನ್‌ಗಳ ಕೊರತೆ ಶೇ 83.2, ಮಕ್ಕಳ ತಜ್ಞರದು ಶೇ 81.6, ಪ್ರಸೂತಿ ತಜ್ಞರದು ಶೇ 74.2. ಈ ನಾಲ್ವರ ಲೆಕ್ಕದಲ್ಲಿ ಅರಿವಳಿಕೆ ತಜ್ಞರು ಸೇರಿಯೇ ಇಲ್ಲ. ಅವರಿಲ್ಲದೆ ಸರ್ಜನ್, ಪ್ರಸೂತಿ ತಜ್ಞರು ಇದ್ದೂ ಕೈಕಟ್ಟಿ ಕೂರಬೇಕು.

ಇನ್ನೂ ಒಂದು ಲೆಕ್ಕವನ್ನು ಈ ಪಟ್ಟಿಗಳು ಹೇಳುವುದಿಲ್ಲ. ವಾರಕ್ಕೆ 168 ಗಂಟೆ. ಒಬ್ಬ ಅರಿವಳಿಕೆ ತಜ್ಞ ವಾರಕ್ಕೆ 48 ಗಂಟೆ ದುಡಿದರೆ ಉಳಿದ 120 ಗಂಟೆ ಓಟಿಗೆ ಬೀಗ. ರಜೆ, ಹಬ್ಬ, ಅನಾರೋಗ್ಯ, ನ್ಯಾಯಾಲಯದ ಸಾಕ್ಷಿ, ಜಿಲ್ಲಾ ಕೇಂದ್ರದ ಸಭೆ ಇವನ್ನೆಲ್ಲ ಕಳೆದರೆ ಹಗಲು-ರಾತ್ರಿ ಸೇವೆಗೆ ಕನಿಷ್ಠ ನಾಲ್ವರು ಬೇಕು. ಆದರೆ ದಾಖಲೆಯಲ್ಲಿ ‘ಮಂಜೂರಾದ ಹುದ್ದೆ 1, ಭರ್ತಿ 1’ ಎಂದಿದ್ದರೆ ಆ ಆಸ್ಪತ್ರೆಯಲ್ಲಿ ಕೊರತೆಯೇ ಇಲ್ಲ! ಶೇ 100ರಷ್ಟು ಭರ್ತಿಯಾದ ಆಸ್ಪತ್ರೆಯಿಂದಲೂ ಪ್ರತಿ ವಾರ ಹೆರಿಗೆ ಕೇಸುಗಳು ಜಿಲ್ಲಾಸ್ಪತ್ರೆಗೆ ಹೋಗುವುದು ಇದೇ ಕಾರಣಕ್ಕೆ. ಒಬ್ಬರೇ ಇರುವ ಕಡೆ ಆ ಒಬ್ಬರು ಎರಡೇ ದಾರಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ: ವರ್ಷವಿಡೀ ನಿದ್ದೆಗೆಟ್ಟು ದುಡಿದು ಬಸವಳಿಯುವುದು, ಇಲ್ಲವೇ ಫೋನ್ ಆಫ್ ಮಾಡುವುದು.

ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾದರೆ ಎರಡು ಗಂಟೆಯೊಳಗೆ ತಾಯಿಯ ಜೀವ ಹೋಗಬಹುದು. 2015ರಲ್ಲಿ ವರದಿ ಕೊಟ್ಟ ಲ್ಯಾನ್ಸೆಟ್ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗವೂ ಎರಡು ಗಂಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು. ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ತುರ್ತು ಶಸ್ತ್ರಚಿಕಿತ್ಸೆ, ಮೂಳೆ ಚರ್ಮ ಸೀಳಿ ಹೊರಬಂದ ಮುರಿತದ ಚಿಕಿತ್ಸೆ – ಈ ಮೂರನ್ನು ಮಾಡಬಲ್ಲ ಆಸ್ಪತ್ರೆ ಎರಡು ಗಂಟೆಯ ದಾರಿಯೊಳಗೆ ಇರಬೇಕು ಎಂಬುದು ಅದರ ಶಿಫಾರಸು. ಈ ಮೂರು ನಡೆಯುವ ಆಸ್ಪತ್ರೆಯಲ್ಲಿ ಉಳಿದ ಬಹುಪಾಲು ಆಪರೇಷನ್‌ಗಳೂ ನಡೆಯುತ್ತವೆ. ಜಗತ್ತಿನಲ್ಲಿ 500 ಕೋಟಿ ಜನರಿಗೆ ಸುರಕ್ಷಿತ, ಕೈಗೆಟಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ, ಆಪರೇಷನ್ ಖರ್ಚಿನಿಂದಲೇ ವರ್ಷಕ್ಕೆ 3.3 ಕೋಟಿ ಜನ ದಿವಾಳಿಯ ಅಂಚಿಗೆ ಬರುತ್ತಾರೆ ಎಂದು ಆಯೋಗ ಅಂದಾಜು ಮಾಡಿತು. ಒಂದು ಲಕ್ಷ ಜನರಿಗೆ ವರ್ಷಕ್ಕೆ 5,000 ಶಸ್ತ್ರಚಿಕಿತ್ಸೆಗಳಾದರೂ ಬೇಕು ಎಂದಿತು. ಎರಡೂವರೆ ಲಕ್ಷ ಜನರಿರುವ ಒಂದು ತಾಲ್ಲೂಕಿಗೆ ಅನ್ವಯಿಸಿದರೆ ವರ್ಷಕ್ಕೆ 12,500. ಇವೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕಿಲ್ಲ. ಆದರೆ ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್, ಮುರಿದ ಕಾಲು – ಇವು ಅಲ್ಲಿ ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ತಂಡ ಕೂಡಿಬಂದರೆ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆಯಲ್ಲಿ 1993ರಲ್ಲಿ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿ ಒಂದು ಗುಡಿಸಲಿನಲ್ಲಿ ಚಿಕಿತ್ಸೆ ಶುರು ಮಾಡಿದರು. ರೆಜಿ ಅರಿವಳಿಕೆ ತಜ್ಞರು, ಲಲಿತಾ ಪ್ರಸೂತಿ ತಜ್ಞೆ. ಸಿಸೇರಿಯನ್‌ಗೆ ಬೇಕಾದ ಇಬ್ಬರು ಒಂದೇ ಮನೆಯಲ್ಲಿದ್ದರು. ಉಳಿದ ತಂಡವನ್ನು ಅವರು ಹೊರಗಿನಿಂದ ಕರೆತರಲಿಲ್ಲ; ಅದೇ ಕಣಿವೆಯ ಬುಡಕಟ್ಟು ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸಿದರು. ಅವರು ಊರು ಬಿಟ್ಟು ಹೋಗುವವರಲ್ಲ, ರೋಗಿಯ ಮಾತು ಬಲ್ಲವರು. ಗುಡಿಸಲು ಬೆಳೆದು 35 ಹಾಸಿಗೆಗಳ ಆಸ್ಪತ್ರೆಯಾಯಿತು. ಸರ್ಕಾರವೊಂದು ಪ್ರತಿ ತಾಲ್ಲೂಕಿಗೂ ಇಂಥ ಆದರ್ಶವಾದಿ ದಂಪತಿಯನ್ನು ಹುಡುಕಿ ತರಲಾರದು, ನಿಜ. ಆದರೆ ಅಲ್ಲಿ ಅಕಸ್ಮಾತ್ತಾಗಿ ಒದಗಿಬಂದ ಜೋಡಣೆಯನ್ನು ಇಲಾಖೆ ಬೇಕೆಂದೇ ಮಾಡಬಹುದು. ಪತಿ-ಪತ್ನಿ ಇಬ್ಬರೂ ವೈದ್ಯರಾಗಿದ್ದರೆ ಒಂದೇ ಕಡೆ ನೇಮಿಸುವುದು, ಪ್ರಸೂತಿ ತಜ್ಞರನ್ನೂ ಅರಿವಳಿಕೆ ತಜ್ಞರನ್ನೂ ಒಂದೇ ಆದೇಶದಲ್ಲಿ ಕಳಿಸುವುದು, ಒಬ್ಬರನ್ನು ವರ್ಗ ಮಾಡಿದರೆ ಆ ಜಾಗಕ್ಕೆ ಇನ್ನೊಬ್ಬರು ಬರುವ ತನಕ ಬಿಡುಗಡೆ ಮಾಡದಿರುವುದು – ಇವಕ್ಕೆ ಹೆಚ್ಚಿನ ಹಣವೂ ಬೇಡ.

ತಜ್ಞರೇ ಸಾಲದಿದ್ದರೆ? ಈ ಪ್ರಶ್ನೆಗೆ ಮೊಜಾಂಬಿಕ್ ನಲವತ್ತು ವರ್ಷಗಳ ಹಿಂದೆ ಉತ್ತರ ಹುಡುಕಿತು. 1975ರಲ್ಲಿ ಸ್ವಾತಂತ್ರ್ಯ ಬಂದಾಗ ಪೋರ್ಚುಗೀಸ್ ವೈದ್ಯರಲ್ಲಿ ಬಹುತೇಕರು ದೇಶ ಬಿಟ್ಟರು, ಆಮೇಲೆ ಅಂತರ್ಯುದ್ಧ. 1984ರಲ್ಲಿ ಆ ದೇಶ ಅನುಭವಿ ವೈದ್ಯಕೀಯ ಸಹಾಯಕರನ್ನು ಆರಿಸಿ ರಾಜಧಾನಿ ಮಪುಟೊದ ಕೇಂದ್ರ ಆಸ್ಪತ್ರೆಯಲ್ಲಿ ಎರಡು ವರ್ಷ, ಪ್ರಾಂತೀಯ ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿ ಕೊಟ್ಟು ಶಸ್ತ್ರಚಿಕಿತ್ಸೆಗೆ ಇಳಿಸಿತು. ‘ಟೆಕ್ನಿಕೊ ಡಿ ಸಿರುರ್ಜಿಯಾ’ ಎಂದು ಅವರ ಹೆಸರು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗ್ರಾಮೀಣ ಆಸ್ಪತ್ರೆಗಳ ಪ್ರಮುಖ ಪ್ರಸೂತಿ ಶಸ್ತ್ರಚಿಕಿತ್ಸೆಗಳಲ್ಲಿ ಶೇ 92ರಷ್ಟನ್ನು ಇವರೇ ಮಾಡುತ್ತಿದ್ದರು. ತರಬೇತಿ ಮುಗಿದು ಏಳು ವರ್ಷವಾದ ಮೇಲೂ ಇವರಲ್ಲಿ ಶೇ 88ರಷ್ಟು ಮಂದಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲೇ ಉಳಿದಿದ್ದರು; ಅದೇ ಅವಧಿಯಲ್ಲಿ ಓದು ಮುಗಿಸಿ ಅಲ್ಲಿಗೆ ಹೋಗಿದ್ದ ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ. ತರಬೇತಿ ಮತ್ತು ಸಂಬಳ ಸೇರಿಸಿ ಲೆಕ್ಕ ಹಾಕಿದರೆ ಒಂದು ಶಸ್ತ್ರಚಿಕಿತ್ಸೆಗೆ ಇವರಿಂದ ಬೀಳುವ ವೆಚ್ಚ ಸುಮಾರು 39 ಡಾಲರ್, ತಜ್ಞ ವೈದ್ಯರಿಂದ 144 ಡಾಲರ್.

ಭಾರತ ಆ ದಾರಿಯನ್ನು ಇದ್ದಂತೆಯೇ ಹಿಡಿಯಬೇಕಿಲ್ಲ. ಮೊಜಾಂಬಿಕ್‌ಗೆ ಇಲ್ಲದಿದ್ದ ಸಂಪತ್ತು ಇಲ್ಲಿದೆ: ಪ್ರತಿ ವರ್ಷ ಹೊರಬರುವ ಸಾವಿರಾರು ಎಂಬಿಬಿಎಸ್ ಪದವೀಧರರು. ಅವರಿಗೆ ಕೆಲವೇ ತಿಂಗಳಲ್ಲಿ ಜೀವರಕ್ಷಕ ಅರಿವಳಿಕೆ ಕೌಶಲ, ಸಿಸೇರಿಯನ್ ಸೇರಿದಂತೆ ತುರ್ತು ಪ್ರಸೂತಿ ಚಿಕಿತ್ಸೆ ಕಲಿಸುವ ಸರ್ಕಾರಿ ಕಾರ್ಯಕ್ರಮಗಳು ಎರಡು ದಶಕದಿಂದ ಇವೆ. ಯೋಚನೆ ಸರಿಯಾಗಿತ್ತು. ಎಡವಿದ್ದು ಮತ್ತೆ ತಂಡದ ವಿಷಯದಲ್ಲೇ. ಅರಿವಳಿಕೆ ಕಲಿತು ಬಂದ ವೈದ್ಯರನ್ನು ಪ್ರಸೂತಿ ತಜ್ಞರಿಲ್ಲದ ಕಡೆಗೆ, ಓಟಿಯೇ ಇಲ್ಲದ ಪ್ರಾಥಮಿಕ ಕೇಂದ್ರಕ್ಕೆ ಕಳಿಸಿದರೆ ಕಲಿತದ್ದು ಕೆಲವೇ ತಿಂಗಳಲ್ಲಿ ಮರೆಯುತ್ತದೆ, ಧೈರ್ಯವೂ ಹೋಗುತ್ತದೆ. ಏನಾದರೂ ಎಡವಟ್ಟಾದರೆ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬ ಭಯ ಬೇರೆ. ಕಲಿಸಿದ ಆಸ್ಪತ್ರೆಯ ಹಿರಿಯರು ಫೋನಿನಲ್ಲಿ ಸಿಗಬೇಕು, ವರ್ಷಕ್ಕೊಮ್ಮೆ ವಾಪಸು ಕರೆಸಿ ಕೈ ಪಳಗಿಸಬೇಕು, ನಿಯಮದಂತೆ ನಡೆದ ವೈದ್ಯನಿಗೆ ಕಾನೂನಿನ ರಕ್ಷಣೆ ಇರಬೇಕು.

ಇನ್ನು ಹಣದ ಮಾತು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ರಾಜ್ಯ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ತಿಂಗಳಿಗೆ ಐದು ರೂಪಾಯಿ ವಂತಿಗೆಯಲ್ಲಿ ಸಹಕಾರಿ ಸಂಘಗಳ ಸದಸ್ಯರಾದ ರೈತರಿಗೆ ಆಪರೇಷನ್ ಭದ್ರತೆ ಕೊಟ್ಟಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಅದು ಉಚಿತ ಮಾಡಿತು. ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಮನೆಗಳಲ್ಲಿ ಆ ಕಾಯಿಲೆಗಳಿಂದಾಗುವ ಸಾವು, ಯೋಜನೆ ಇಲ್ಲದ ಹಳ್ಳಿಗಳಿಗಿಂತ ಶೇ 64ರಷ್ಟು ಕಡಿಮೆ ಇತ್ತು ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತಿದೆ. ಇವುಗಳಿಂದ ಬದುಕಿ ಉಳಿದವರು ಸಾವಿರಾರು. ಈ ಯೋಜನೆಗಳ ಬೆಲೆಯನ್ನು ಕಡಿಮೆ ಮಾಡಿ ನೋಡುವುದು ಅನ್ಯಾಯ.

ಆದರೆ ಈ ಯೋಜನೆಗಳ ಕಾರ್ಡು ಹಣ ಕೊಡುವುದು ಆಪರೇಷನ್ ಮುಗಿದ ಮೇಲೆ. ಹೃದಯದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡು, ಬಸ್ಸು ಹತ್ತಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬಹುದು. ಒಡೆದ ಅಪೆಂಡಿಕ್ಸ್, ಅಡ್ಡ ನಿಂತ ಮಗು, ಟ್ರ್ಯಾಕ್ಟರ್ ಕೆಳಗೆ ಸಿಕ್ಕ ಕಾಲು ದಿನ ಗೊತ್ತುಮಾಡಿಕೊಂಡು ಬರುವುದಿಲ್ಲ. ಅದಕ್ಕಾಗಿ ಆಸ್ಪತ್ರೆ ಸದಾ ಸಜ್ಜಾಗಿ ಕಾಯಬೇಕು. ಕಾಯುವುದಕ್ಕೇ ಖರ್ಚಿದೆ: ರಾತ್ರಿ ಪಾಳಿಯ ಸಂಬಳ, ಆಮ್ಲಜನಕ, ರಕ್ತದ ಫ್ರಿಜ್, ಡೀಸೆಲ್, ಒಗೆದ ಬಟ್ಟೆ, ಯಂತ್ರದ ರಿಪೇರಿ. ಎಷ್ಟು ಬೆಂಕಿ ಆರಿಸಿದರು ಎಂದು ಎಣಿಸಿ ಅಗ್ನಿಶಾಮಕ ಠಾಣೆಗೆ ಸಂಬಳ ಕೊಡುವ ಊರು ಎಲ್ಲೂ ಇಲ್ಲ. ತಾಲ್ಲೂಕು ಓಟಿಗೆ ಮಾತ್ರ ಎಣಿಸಿ ಕೊಡುವ ನ್ಯಾಯ. ಇಷ್ಟು ಯೋಜನೆಗಳಿದ್ದೂ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ 2021-22ರಲ್ಲೂ ಶೇ 39.4ರಷ್ಟನ್ನು ಕೈಯಿಂದಲೇ ಕೊಟ್ಟರು. ಅದೇ ವರ್ಷ ಸರ್ಕಾರಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡಿದ ಖರ್ಚು ಜಿಡಿಪಿಯ ಶೇ 1.84. 2025ರ ಹೊತ್ತಿಗೆ ಇದನ್ನು ಶೇ 2.5ಕ್ಕೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು.

ಎಣಿಕೆಯ ಹಿಂದೆ ಓಡುವ ಹಣ ಎಷ್ಟು ಅಪಾಯಕಾರಿ ಎಂಬುದನ್ನು ಛತ್ತೀಸಗಡದ ಬಿಲಾಸಪುರ ಜಿಲ್ಲೆ 2014ರ ನವೆಂಬರ್‌ನಲ್ಲಿ ಕಂಡಿತು. ಬಳಕೆಯಲ್ಲಿಲ್ಲದ ಒಂದು ಆಸ್ಪತ್ರೆ ಕಟ್ಟಡದಲ್ಲಿ ನಡೆದ ಸಂತಾನಹರಣ ಶಿಬಿರದಲ್ಲಿ ಒಬ್ಬರೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ದಿನಗಳಲ್ಲಿ ಜಿಲ್ಲೆಯ ಶಿಬಿರಗಳಿಗೆ ಹೋಗಿದ್ದವರಲ್ಲಿ 13 ಮಂದಿ ಸತ್ತರು. ಎಲ್ಲರೂ ಬಡವರ ಮನೆಯವರು. ಹತ್ತು ವರ್ಷದ ಬಳಿಕ, 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ರಕ್ತನಾಳಕ್ಕೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆಯನ್ನೇ ನಿಲ್ಲಿಸಿತು. ಸರ್ಜನ್ ಇದ್ದ ಮಾತ್ರಕ್ಕೆ ಆಪರೇಷನ್ ಸುರಕ್ಷಿತವಾಗುವುದಿಲ್ಲ. ಖರೀದಿ ವಿಭಾಗ, ಔಷಧ ಪರೀಕ್ಷೆಯ ಲ್ಯಾಬು, ಉಗ್ರಾಣದ ಗುಮಾಸ್ತ ಇವರೂ ಓಟಿಯ ತಂಡದವರೇ. ಅವರ ಕೆಲಸ ಕೆಟ್ಟರೆ ಸಾಯುವವಳು ಬಾಣಂತಿ.

ರಕ್ತದ ವಿಷಯವೂ ಹೀಗೇ. ಹಿಂದೆ ಹಳ್ಳಿಯ ಸರ್ಜನ್‌ಗಳು ರೋಗಿಯ ನಂಟರಿಂದ ರಕ್ತ ತೆಗೆದು, ಪರೀಕ್ಷಿಸಿ, ಆಗಲೇ ಕೊಡುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ರಕ್ತ ಮಾರಾಟದ ದಂಧೆಗೆ ಕಡಿವಾಣ ಹಾಕುವ ತೀರ್ಪು ಕೊಟ್ಟಿತು. ಆಮೇಲೆ ಬಿಗಿಯಾದ ಪರವಾನಗಿ ನಿಯಮಗಳು ಬಂದವು. ಎಚ್‌ಐವಿ ಹರಡುತ್ತಿದ್ದ ಆ ಕಾಲದಲ್ಲಿ ಅದು ಅಗತ್ಯವಾಗಿತ್ತು. ಆದರೆ ರಕ್ತನಿಧಿ ಇಲ್ಲದ ಊರಿನಲ್ಲಿ ಹಳೆಯ ದಾರಿ ಮುಚ್ಚಿತು, ಹೊಸ ದಾರಿ ತೆರೆಯಲಿಲ್ಲ. 2001ರಲ್ಲಿ ಸಣ್ಣ ಆಸ್ಪತ್ರೆಗಳಲ್ಲಿ ರಕ್ತ ಶೇಖರಣಾ ಕೇಂದ್ರ ಇಡಲು ಅವಕಾಶವಾಯಿತು. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಫ್ರಿಜ್, ನಿಲ್ಲದ ವಿದ್ಯುತ್, ತರಬೇತಿ ಪಡೆದ ಟೆಕ್ನಿಷಿಯನ್, ಜಿಲ್ಲೆಯ ರಕ್ತನಿಧಿಯಿಂದ ವಾರವಾರ ಬರುವ ಚೀಲಗಳು. ದೊಡ್ಡ ಖರ್ಚಲ್ಲ. ಹೊಸ ಕಟ್ಟಡದಂತೆ ಉದ್ಘಾಟನೆ ಮಾಡಲು ಬಾರದ ಖರ್ಚು, ಅಷ್ಟೇ.

ಕಡಿಮೆ ಹಣದಲ್ಲಿ ಒಳ್ಳೆಯ ಕೆಲಸ ಸಾಧ್ಯ ಎಂಬುದನ್ನು ಹಳ್ಳಿಯ ಸರ್ಜನ್‌ಗಳು ಎಂದೋ ತೋರಿಸಿದ್ದಾರೆ. ಅವರು ತೊಂಬತ್ತರ ದಶಕದ ಆರಂಭದಲ್ಲಿ ಭಾರತೀಯ ಗ್ರಾಮೀಣ ಶಸ್ತ್ರಚಿಕಿತ್ಸಕರ ಸಂಘ ಕಟ್ಟಿಕೊಂಡರು. ಅದರ ಮುಂಚೂಣಿಯಲ್ಲಿದ್ದವರಲ್ಲಿ ಶಿವಮೊಗ್ಗದ ಡಾ. ಆರ್.ಡಿ. ಪ್ರಭು ಒಬ್ಬರು. ಮಹಾರಾಷ್ಟ್ರದ ದೊಂಡಾಯ್ಚಾ ಎಂಬ ಸಣ್ಣ ಊರಿನಲ್ಲಿ ಕೆಲಸ ಮಾಡಿದ ಡಾ. ರವೀಂದ್ರನಾಥ ಟೋಣಗಾಂವ್ಕರ್ ಹರ್ನಿಯಾ ಆಪರೇಷನ್‌ಗೆ ದುಬಾರಿ ಮೆಶ್ (ಬಲೆ) ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಿ ಮಾಡಿ ಬಳಸಿದರು. ದೊಡ್ಡ ಊರಿನವರು ಹುಬ್ಬೇರಿಸಿದರು. 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಉಗಾಂಡದ ಪ್ರಯೋಗವೊಂದು ಪ್ರಕಟವಾಯಿತು. ಸುಮಾರು 300 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ 125 ಡಾಲರ್ ಬೆಲೆಯ ಕಂಪನಿ ಮೆಶ್, ಉಳಿದವರಿಗೆ ಒಂದು ಡಾಲರ್‌ನ ಸೊಳ್ಳೆಪರದೆ ಮೆಶ್. ಒಂದು ವರ್ಷದ ಬಳಿಕ ಹರ್ನಿಯಾ ಮರುಕಳಿಸುವುದರಲ್ಲಾಗಲಿ ತೊಂದರೆಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೂಲಿ ಮಾಡುವವನಿಗೆ ಹರ್ನಿಯಾ ಎಂದರೆ ಭಾರ ಎತ್ತಲಾಗದ ದಿನ, ಅಂದರೆ ಕೂಲಿ ಇಲ್ಲದ ದಿನ. ಅವನನ್ನು ಮತ್ತೆ ದುಡಿಮೆಗೆ ಕಳಿಸಬಲ್ಲ ಜಾಣ್ಮೆ ನಮ್ಮ ಪಕ್ಕದ ರಾಜ್ಯದಲ್ಲೇ ಇತ್ತು. ಇಂಥ ವೈದ್ಯರನ್ನು ನೀತಿ ರೂಪಿಸುವ ಸಭೆಗಳಿಗೆ ಕರೆದು ಅವರ ಅನುಭವ ಕೇಳಬೇಕು.

ವೈದ್ಯರು ಹಳ್ಳಿಗೆ ಹೋಗಲು ಒಪ್ಪುವುದಿಲ್ಲ, ಇನ್ನೇನು ಮಾಡುವುದು ಎಂಬ ಆಕ್ಷೇಪ ಎದ್ದೇ ಏಳುತ್ತದೆ. ಅದರಲ್ಲಿ ಹುರುಳಿದೆ. ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾನೂನು ಮಾಡಿತು. ರಾಷ್ಟ್ರೀಯ ಆರೋಗ್ಯ ಅಭಿಯಾನ ‘ನೀವು ಕೇಳಿದಷ್ಟು ಸಂಬಳ’ ಎಂಬ ಅವಕಾಶವನ್ನೂ ಕೊಟ್ಟಿತು. ಬೆದರಿಕೆ, ಹಣ ಎರಡೂ ಆದವು, ಆದರೆ ತಂಡ ಬರಲಿಲ್ಲ. ಓದು ಮುಗಿಸಿದ ಕೂಡಲೇ ಒಂಟಿಯಾಗಿ ಹೋಗುವ ಯುವ ಸರ್ಜನ್‌ಗೆ ಅರಿವಳಿಕೆ ಕೊಡುವವರಿಲ್ಲ, ಕೇಳಲು ಹಿರಿಯರಿಲ್ಲ, ರೋಗಿ ಸತ್ತರೆ ಹೊರಗೆ ನೂರು ಜನ. ಮನೆ ಸೋರುತ್ತದೆ, ಮಕ್ಕಳ ಶಾಲೆ ದೂರ. ಅಂಥ ಕಡೆ ಸಂಬಳ ಎರಡು ಪಟ್ಟಾದರೂ ಮನಸ್ಸು ನಿಲ್ಲದು. ಜೊತೆಗಾರರಿದ್ದರೆ, ತಿಂಗಳಿಗೆ ನಿಗದಿಯಾದಷ್ಟೇ ರಾತ್ರಿ ಪಾಳಿ ಇದ್ದರೆ, ಕಲಿತ ಕೆಲಸ ಮಾಡಲು ಬಿಟ್ಟರೆ ಎಷ್ಟೋ ಮಂದಿ ಉಳಿಯುತ್ತಾರೆ.

ಹಾಗಾದರೆ ಆಗಬೇಕಾದ್ದೇನು? ಮೊದಲು, ಇರುವ ತಜ್ಞರನ್ನು ಒಬ್ಬೊಬ್ಬರನ್ನಾಗಿ ಹತ್ತು ಕಡೆ ಹಂಚುವುದನ್ನು ಬಿಟ್ಟು, ಪ್ರತಿ ಜಿಲ್ಲೆಯಲ್ಲೂ ಎರಡು ಗಂಟೆಯ ದಾರಿಯ ನಕ್ಷೆ ಮುಂದಿಟ್ಟುಕೊಂಡು ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪೂರ್ಣ ತಂಡ ಕೂರಿಸಬೇಕು: ನಾಲ್ವರು ಪ್ರಸೂತಿ ತಜ್ಞರು, ತರಬೇತಿ ಪಡೆದ ಎಂಬಿಬಿಎಸ್ ವೈದ್ಯರೂ ಸೇರಿ ನಾಲ್ವರು ಅರಿವಳಿಕೆಯವರು, ಇಬ್ಬರು ಸರ್ಜನ್‌ಗಳು, ಮೂಳೆ ಮತ್ತು ಮಕ್ಕಳ ತಜ್ಞರು, ಕಾಯಂ ಓಟಿ ನರ್ಸ್‌ಗಳು. ಸಮುದಾಯ ಕೇಂದ್ರದಿಂದ ಒಬ್ಬ ತಜ್ಞರನ್ನು ಎತ್ತಿದರೆ ಸ್ಥಳೀಯರು ಪ್ರತಿಭಟಿಸುತ್ತಾರೆ, ಅದು ಸಹಜ. ಅದಕ್ಕೆ ಬದಲಿಯಾಗಿ ಅವರಿಗೆ ಗಟ್ಟಿ ಆಂಬುಲೆನ್ಸ್ ವ್ಯವಸ್ಥೆ ಮತ್ತು ‘ತಾಲ್ಲೂಕು ಆಸ್ಪತ್ರೆಯಿಂದ ಮುಂದೆ ಕಳಿಸುವುದಿಲ್ಲ’ ಎಂಬ ಲಿಖಿತ ಖಾತರಿ ಕೊಡಬೇಕು. ಎರಡನೆಯದಾಗಿ, ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ತಲೆಯೆತ್ತಿವೆ. ಕೊಪ್ಪಳ, ಗದಗ, ಕಾರವಾರ, ಚಾಮರಾಜನಗರದಂಥ ಕಡೆಯ ಕಾಲೇಜುಗಳ ಅಧ್ಯಾಪಕರೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಸರದಿಯಂತೆ ತಾಲ್ಲೂಕು ಓಟಿಯಲ್ಲಿ ದುಡಿಯುವಂತಾಗಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ವ್ಯವಸ್ಥೆಯಲ್ಲಿ ಕೆಲಸ ಮಾಡುವ ನಿಯಮ ಆಗಲೇ ಇದೆ. ಮೂರನೆಯದಾಗಿ, ವಿಮೆಯ ಹಣದ ಜೊತೆಗೆ ಪ್ರತಿ ಓಟಿಗೂ ವರ್ಷದ ಸಜ್ಜು-ಅನುದಾನ ಬೇಕು. ರಿಪೇರಿ, ಡೀಸೆಲ್, ರಕ್ತ ಸಾಗಣೆಗೆ ಆಸ್ಪತ್ರೆಯ ಮುಖ್ಯಸ್ಥರು ಬೆಂಗಳೂರಿನ ಮಂಜೂರಾತಿಗೆ ಕಾಯದೆ ಖರ್ಚು ಮಾಡುವಂತಿರಬೇಕು.

ಕೊನೆಗೆ, ಲೆಕ್ಕ ಬದಲಾಗಬೇಕು. ಎಷ್ಟು ಹುದ್ದೆ ಭರ್ತಿ ಎಂಬ ಕೋಷ್ಟಕದ ಬದಲು ಪ್ರತಿ ತಾಲ್ಲೂಕು ಆಸ್ಪತ್ರೆಯೂ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಮೂರು ವಿವರ ಹಾಕಲಿ: ಮೂವತ್ತು ದಿನದ 720 ಗಂಟೆಗಳಲ್ಲಿ ಓಟಿ ಎಷ್ಟು ಗಂಟೆ ಆಪರೇಷನ್‌ಗೆ ಸಿದ್ಧವಿತ್ತು, ಎಷ್ಟು ತುರ್ತು ರೋಗಿಗಳನ್ನು ಬೇರೆಡೆಗೆ ಕಳಿಸಲಾಯಿತು, ತಂಡದಲ್ಲಿ ಯಾರಿಲ್ಲದ್ದರಿಂದ ಕಳಿಸಲಾಯಿತು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮೊದಲು ಚರ್ಚೆಯಾಗಬೇಕಾದದ್ದು ಇದೇ ಕಾಗದ. ಅದೇ ಕಾಗದ ಜಿಲ್ಲಾ ಆರೋಗ್ಯಾಧಿಕಾರಿಗೂ, ಬಜೆಟ್ ಅಧಿವೇಶನಕ್ಕೆ ಮುನ್ನ ಕ್ಷೇತ್ರದ ಶಾಸಕರಿಗೂ ತಲುಪಬೇಕು. ಆಗ ಸದನದಲ್ಲಿ ಆರೋಗ್ಯ ಸಚಿವರಿಗೆ ಕೇಳಬೇಕಾದ ಪ್ರಶ್ನೆಗಳು ಶಾಸಕರ ಕೈಯಲ್ಲೇ ಇರುತ್ತವೆ.